ಕೆಲಸವಿಲ್ಲದವಳ ಬಲಗೈ

ಜನವರಿ 9, 2016, ಶನಿವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಒಂದನೇ ಕ್ಲಾಸಿನ ಮಗು ಗೀಚಿದ ಹಾಗಿದೆ. ಬಲಗೈ ಮೊಣಕೈಯಿಂದ ಬೆರಳಿನ ಬುಡದವರೆಗೆ ಪ್ಲಾಸ್ಟರಿನಲ್ಲಿದೆ. ಒಳಗೆ ಲೋಹದ ಪಟ್ಟಿ ಇಟ್ಟು ಸ್ಕ್ರೂ ಬಿಗಿದಿದ್ದಾರಂತೆ, ಬಾಗಿಲಿಗೆ ಚಿಲಕ ಕೂರಿಸಿದ ಹಾಗೆ.

ಡೈರಿ 2014ರದು. ಈ ವರ್ಷ ಇಲ್ಲಿ ಒಮಾನಿನಲ್ಲಿ ಇವರ ತೈಲ ಕಂಪನಿ ಡೈರಿ ಅಚ್ಚು ಹಾಕಿಸಿಲ್ಲ. ಎಣ್ಣೆಗೇ ಬೆಲೆ ಇಲ್ಲದ ಮೇಲೆ ಡೈರಿ ಯಾಕೆ ಅಂದರಂತೆ.

ಆದದ್ದು ಇಷ್ಟು. ಭಾನುವಾರ ಇಲ್ಲಿ ಕೆಲಸದ ದಿನ; ಬೆಳಿಗ್ಗೆ ಇವರು ಆಫೀಸಿಗೂ ಮಗಳು ಮಾನ್ಯಾ ಸ್ಕೂಲಿಗೂ ಹೋದ ಮೇಲೆ ಮಳೆ ಹಿಡಿಯಿತು. ತಿಂಗಳುಗಟ್ಟಲೆ ಹನಿ ಕಾಣದ ರಸ್ತೆ. ಧೂಳು, ಎಣ್ಣೆ ಎಲ್ಲ ಸೇರಿ ಸೋಪು ಬಳಿದ ಹಾಗಾಗಿತ್ತು. ಮೊಸರು ಕೊಂಡು, ಮಳೆ ನಿಲ್ಲಲಿ ಎಂದು ಅಂಗಡಿಯ ಗೋಡೆಗೆ ಒರಗಿ ನಿಂತಿದ್ದೆ. ಫುಟ್‌ಪಾತಿನ ಮೇಲೆ. ರಸ್ತೆಯಲ್ಲಲ್ಲ. ಲಾಂಡ್ರಿಯೊಂದರ ಬಿಳಿ ವ್ಯಾನು ತಿರುವಿನಲ್ಲಿ ಜಾರಿ, ಅಡ್ಡಡ್ಡವಾಗಿ ಬಂದು, ಕಟ್ಟೆ ಹತ್ತಿ ನನ್ನನ್ನು ಗೋಡೆಗೆ ಒತ್ತಿತು. 

ಆಸ್ಪತ್ರೆಯಲ್ಲಿ ಇವರ ಮೊದಲ ಮಾತು: "ಮಳೆ ಬರ್ತಿರೋವಾಗ ಯಾಕೆ ಹೊರಗೆ ಹೋದೆ?"

ಕೈ ಸೋತಿತು. ಸಾಕು.

ಜನವರಿ 13, ಬುಧವಾರ

ವ್ಯಾನ್ ಓಡಿಸಿದವನು ಮನೆಗೆ ಬಂದಿದ್ದ. ಸಿರಾಜುದ್ದೀನ್ ಅಂತೆ, ಉಪ್ಪಿನಂಗಡಿ ಕಡೆಯವನು. ಐವತ್ತು ದಾಟಿದ ಮನುಷ್ಯ, ಗಡ್ಡ ನರೆತಿದೆ. ಒಂದು ಚೀಲ ಕಿತ್ತಳೆ ಹಿಡಿದುಕೊಂಡು ಬಾಗಿಲಲ್ಲೇ ನಿಂತ.

"ಬ್ರೇಕ್ ಒತ್ತಿದೆ ಅಮ್ಮಾ, ವ್ಯಾನು ನಿಲ್ಲಲಿಲ್ಲ. ತಪ್ಪು ನನ್ನದೇ" ಅಂದ.

ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಕಿತ್ತಳೆ ಸುಲಿಯಲು ಎರಡು ಕೈ ಬೇಕೆಂದು ಅವನಿಗೆ ಹೊಳೆಯಲಿಲ್ಲ.

ತಪ್ಪು ಅವನೇ ಒಪ್ಪಿದ್ದಾನೆ, ಪೊಲೀಸರೂ ಹಾಗೇ ಬರೆದುಕೊಂಡಿದ್ದಾರೆ. ಮತ್ತೆ ಪರಿಹಾರಕ್ಕೆ ತಡವೇನು ಎಂದು ಇವರನ್ನು ಕೇಳಿದೆ. "ಅದಕ್ಕೆಲ್ಲ ಪ್ರೊಸೀಜರ್ ಇರುತ್ತೆ, ನಿಂಗೆ ಗೊತ್ತಾಗಲ್ಲ. ಇನ್ಶೂರೆನ್ಸಿನವರ ಹತ್ರ ನಾನು ಮಾತಾಡ್ತೀನಿ" ಅಂದರು.

ಎದುರು ಮನೆಯ ಸುಹೈಲಾ ಸಂಜೆ ಬಂದು ತಲೆ ಬಾಚಿ ಜಡೆ ಹಾಕಿದಳು. ನಾಲ್ಕು ವರ್ಷದಿಂದ ಎದುರುಬದುರು ಇದ್ದೇವೆ, ಲಿಫ್ಟಿನಲ್ಲಿ ನಕ್ಕಿದ್ದಷ್ಟೇ ಪರಿಚಯ. ಅವಳ ಗಂಡ ಬಾದುಶಾ ಅವರಿಗೆ ಮತ್ರಾದ ಹಳೇ ಪೇಟೆ ಸೂಕಿನಲ್ಲಿ ಪಾತ್ರೆಯ ಅಂಗಡಿ. ಬರುವಾಗ ಗಂಜಿ ತಂದಿದ್ದಳು. ಮೀನು ಬೇಯುವ ಪಾತ್ರೆ. ಅವಳು ಹೋದ ಮೇಲೆ ಹಾಗೇ ಮುಚ್ಚಿಟ್ಟೆ.

ಜನವರಿ 20, ಬುಧವಾರ

ವ್ಯಾನಿನ ಇನ್ಶೂರೆನ್ಸ್ ಕಂಪನಿಯಿಂದ ಬಂದವನು ಕನ್ನಡದವನೇ. ಹೆಸರು ಕಿಶನ್, ಬೆಂಗಳೂರಿನವನು, ಇಲ್ಲೇ ಖುರುಮ್‌ನಲ್ಲಿ ಆಫೀಸು. ನಮ್ಮವನು ಸಿಕ್ಕಿದ ಎಂದು ಇವರಿಗೆ ಹಿಗ್ಗು. ಕಾಫಿ ತಾವೇ ಮಾಡಿ ತಂದರು, ಸಕ್ಕರೆ ಮರೆತು. ಅವನು ಅದನ್ನೂ "ಸೂಪರ್ ಸರ್" ಎಂದು ಕುಡಿದ. ಆಗಲೇ ನನಗೆ ಅನುಮಾನ ಬರಬೇಕಿತ್ತು.

"ಆಂಟಿ, ನೀವು ವರ್ಕಿಂಗಾ?"

"ಇಲ್ಲ, ಹೌಸ್‌ವೈಫ್." ಉತ್ತರ ಕೊಟ್ಟವರು ಇವರು.

"ಹಾಗಾದ್ರೆ ಒಳ್ಳೇದಾಯ್ತು ಹೊನ್ನಪ್ಪ ಸರ್. ವರಮಾನ ಇಲ್ಲ ಅಂದ್ರೆ ವರಮಾನದ ನಷ್ಟವೂ ಇಲ್ಲ. ಕೇಸು ಸಿಂಪಲ್."

ಒಳ್ಳೆಯದಾಯಿತಂತೆ. ನಾನು ಪ್ಲಾಸ್ಟರನ್ನು ಎತ್ತಿ ದಿಂಬಿನ ಮೇಲಿಟ್ಟುಕೊಂಡೆ.

"ಇನ್ನೊಂದು ವಿಷಯ. ಅವತ್ತಿನ ಮಳೆ ಇದೆಯಲ್ಲ, ನಮ್ಮ ಪಾಲಿಸಿ ಪ್ರಕಾರ ಅದು ದೇವರ ಕೃತ್ಯ. ಅದಕ್ಕೆ ಕಂಪನಿ ಹೊಣೆ ಆಗಲ್ಲ. ಆದ್ರೂ ನಮ್ಮ ಜನ ಅಂತ, ಆಸ್ಪತ್ರೆ ಖರ್ಚಲ್ಲಿ ಒಂದಷ್ಟು ಕೊಡಿಸೋಕೆ ಟ್ರೈ ಮಾಡ್ತೀನಿ."

"ವ್ಯಾನ್ ಓಡಿಸ್ತಾ ಇದ್ದದ್ದು ದೇವರಾ?" ಎಂದೆ.

ಇವರು ನನ್ನತ್ತ ಕಣ್ಣು ಬಿಟ್ಟರು. ಕಿಶನ್ ನಕ್ಕ. "ಆಂಟಿ ಒಳ್ಳೇ ಜೋಕ್ ಮಾಡ್ತಾರೆ ಸರ್."

ಮಳೆಯನ್ನು ದೇವರ ತಲೆಗೆ ಕಟ್ಟಿ, ನನ್ನ ಕೈಯನ್ನು ಸೊನ್ನೆಗೆ ಇಳಿಸಿ, ಲೋಟ ಟೀಪಾಯಿ ಮೇಲೆ ಬಿಟ್ಟು ಹೋದ. ಆ ಲೋಟ ಈಗಲೂ ಅಲ್ಲೇ ಇದೆ. ಯಾರು ತೆಗೆಯುತ್ತಾರೋ ನೋಡುತ್ತೇನೆ.

ಜನವರಿ 22, ಶುಕ್ರವಾರ

ಲೋಟ ಅಲ್ಲೇ ಇದೆ.

ಜನವರಿ 28, ಗುರುವಾರ

ಕೆಲಸವಿಲ್ಲದವಳು ಮಲಗಿದ ಮೇಲೆ ಈ ಮನೆಯಲ್ಲಿ ಅದೆಷ್ಟು ಕೆಲಸ ಹುಟ್ಟಿಕೊಂಡಿದೆ. ಇವರು ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು, ಹುಣಸೆಹಣ್ಣು ಎಲ್ಲಿ, ಇಂಗು ಎಲ್ಲಿ, ಲೈಟರ್ ಎಲ್ಲಿ ಎಂದು ಕೂಗುತ್ತಾರೆ. ಸಾರು ಮಾಡಿದರೆ ಸಾರು ಮಾತ್ರ ಆಗುತ್ತದೆ. ಅನ್ನ ಇಡುವುದು ಮರೆತಿರುತ್ತದೆ. ಒಂಬತ್ತನೇ ಕ್ಲಾಸಿನ ಮಗಳು ಇಸ್ತ್ರಿ ಮಾಡಲು ಹೋಗಿ ಯೂನಿಫಾರ್ಮ್ ಸುಟ್ಟುಕೊಂಡು, "ಅಮ್ಮಾ, ಯು ನೆವರ್ ಟೋಲ್ಡ್ ಮಿ" ಅನ್ನುತ್ತಾಳೆ. ನಾನು ಹೇಳಿಕೊಡಲಿಲ್ಲ ಎಂಬುದೂ ನನ್ನದೇ ತಪ್ಪು.

ಸ್ನಾನ ಮಾಡಿಸುವವಳೂ ಅವಳೇ. ಇವತ್ತು ನನ್ನ ಬೆನ್ನು ಉಜ್ಜುತ್ತಾ ಇದ್ದಕ್ಕಿದ್ದಂತೆ ಅತ್ತಳು. ಯಾಕೆ ಎಂದರೆ "ನಥಿಂಗ್" ಅಂದಳು. ಲಂಗದ ಲಾಡಿ ಕಟ್ಟುವಾಗ ಎರಡು ಗಂಟು ಹಾಕಿದಳು, ಬಿಚ್ಚಿಹೋಗದಿರಲಿ ಎಂದು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಇದಕ್ಕೆ ಆ ಕಿಶನ್ ಯಾವ ಹೆಸರು ಕೊಡುತ್ತಾನೆ?

ಫೆಬ್ರವರಿ 5, ಶುಕ್ರವಾರ

ಸುಹೈಲಾ ತಲೆ ಬಾಚುತ್ತಾ ಮಾತು ತೆಗೆದಳು. "ಅಕ್ಕಾ, ಒಂದು ವಿಷಯ ಹೇಳ್ಲಿಕ್ಕುಂಟು. ಆ ಸಿರಾಜುದ್ದೀನ್ ನಮ್ಮ ಊರಿನ ಕಡೆಯವರು. ಅವರ ಪಾಸ್‌ಪೋರ್ಟ್ ಪೊಲೀಸರತ್ರ ಉಂಟು. ನೀವು ಸ್ಟೇಷನಲ್ಲಿ ಮಾಫಿ ಕೊಟ್ಟೆ ಅಂತ ಹೇಳಿದ್ರೆ ಬಿಡ್ತಾರಂತೆ. ಇಲ್ಲದಿದ್ರೆ ಜೈಲು."

ನನಗೆ ಸಿಟ್ಟು ನೆತ್ತಿಗೇರಿತು. "ಇದಕ್ಕಾ ನೀನು ಇಷ್ಟು ದಿನ ನನ್ನ ತಲೆ ಬಾಚಿದ್ದು?"

ಅವಳು ಬಾಚಣಿಗೆ ಮಂಚದ ಮೇಲಿಟ್ಟಳು. "ಅಲ್ಲ ಅಕ್ಕಾ. ನಿಮ್ಮ ತಲೆ ಸಿಕ್ಕಾಗಿತ್ತು, ಅದಕ್ಕೆ ಬಾಚಿದ್ದು" ಎಂದು ಎದ್ದು ಹೋದಳು. ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು. ಅದು ಇನ್ನೂ ಸಿಟ್ಟು ಬರಿಸಿತು.

ಎಲ್ಲರಿಗೂ ನನ್ನಿಂದ ಏನೋ ಒಂದು ಬೇಕು. ಕೈಯೊಂದು ಬಿಟ್ಟು.

ಫೆಬ್ರವರಿ 6, ಶನಿವಾರ

ಸುಹೈಲಾ ಬಂದಳು. ನಿನ್ನೆ ಅರ್ಧಕ್ಕೆ ಬಿಟ್ಟಿದ್ದ ಜಡೆ ಹೆಣೆದು ಹೋದಳು.

ಫೆಬ್ರವರಿ 14, ಭಾನುವಾರ

ಇವರಿಗೆ ನೋಟಿಸ್ ಕೊಟ್ಟರು. ಮಾರ್ಚ್ ಕೊನೆಗೆ ಖಲಾಸ್. ಇವರ ವಿಭಾಗದಲ್ಲಿ ಅರ್ಧ ಜನಕ್ಕೆ ಕೊಟ್ಟಿದ್ದಾರಂತೆ. ಮರುಭೂಮಿಯ ಬಾವಿಗಳ ಮೀಟರುಗಳನ್ನು ಹದಿನೇಳು ವರ್ಷ ನೋಡಿಕೊಂಡವರು. ನೆಲದ ಕೆಳಗಿನ ಎಣ್ಣೆಗೆ ಬೆಲೆ ಬಿದ್ದರೆ ನೆಲದ ಮೇಲಿನ ಮನುಷ್ಯನ ಬೆಲೆಯೂ ಬೀಳಬೇಕೆ?

ಶೂ ಕೂಡ ಬಿಚ್ಚದೆ ಸೋಫಾದಲ್ಲಿ ಕೂತಿದ್ದರು. ಎಡಗೈಯಲ್ಲಿ ಲೇಸು ಬಿಚ್ಚಲು ಹೋದೆ. "ಬಿಡು, ಬಿಡು" ಅಂದರು. ಬಿಚ್ಚಿದೆ.

ಫೆಬ್ರವರಿ 17, ಬುಧವಾರ

ಯಾರು ಹೇಳಿದರೋ, ಇವರ ಕೆಲಸ ಹೋದದ್ದು ಕಿಶನ್‌ಗೆ ಗೊತ್ತಾಗಿದೆ. ಹಣ್ಣಿನ ಬುಟ್ಟಿ ಹಿಡಿದು ಬಂದ. "ಕೇಳಿ ಬೇಜಾರಾಯ್ತು ಸರ್. ನೀವು ಹೊರಡೋದ್ರೊಳಗೆ ಇದನ್ನ ಕ್ಲೋಸ್ ಮಾಡ್ಬಿಡೋಣ" ಎಂದು ಒಂದು ಕಾಗದ ಮುಂದಿಟ್ಟ.

"ಎರಡೇ ದಾರಿ ಆಂಟಿ. ಇಲ್ಲಿ ಸೈನ್ ಮಾಡಿ ಡ್ರೈವರನ್ನ ಕ್ಷಮಿಸಿದ್ರೆ ಕೇಸು ಮುಗೀತು, ಆಸ್ಪತ್ರೆ ಬಿಲ್ಲಲ್ಲಿ ಅರ್ಧ ನಾವು ಕೊಡ್ತೀವಿ. ಇಲ್ಲ, ಪೂರ್ತಿ ಪರಿಹಾರ ಬೇಕು ಅಂದ್ರೆ ಆ ಮನುಷ್ಯ ಜೈಲಿಗೆ ಹೋಗ್ತಾನೆ. ಅವನಿಗೂ ಹೆಂಡ್ತಿ ಮಕ್ಕಳಿದ್ದಾರೆ. ನಿಮ್ಮಂಥ ತಾಯಿ ಹೃದಯದವರಿಗೆ ನಾನು ಹೇಳ್ಬೇಕಾ?"

"ಸೈನ್ ಮಾಡು ಕಾಂತಾ" ಅಂದರು ಇವರು. ದನಿಯಲ್ಲಿ ಶಕ್ತಿಯೇ ಇರಲಿಲ್ಲ. "ಮುಗಿದುಹೋಗ್ಲಿ."

"ಎಡಗೈ ಸೈನ್ ನಡೆಯುತ್ತಾ?" ಎಂದು ಕೇಳಿದೆ.

"ಹೆಬ್ಬೆಟ್ಟಾದ್ರೂ ನಡೆಯುತ್ತೆ ಆಂಟಿ."

ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದವಳು ನಾನು. ಗಣಿತದಲ್ಲಿ ಕಾಲೇಜಿಗೇ ಮೊದಲು. ಹೆಬ್ಬೆಟ್ಟಂತೆ.

ಯೋಚನೆ ಮಾಡಿ ಹೇಳುತ್ತೇನೆ ಎಂದು ಕಳುಹಿಸಿದೆ. ಹಣ್ಣಿನ ಬುಟ್ಟಿಯನ್ನೂ ಅವನ ಕೈಗೇ ಕೊಟ್ಟೆ.

ಫೆಬ್ರವರಿ 18, ಗುರುವಾರ

ಇವರಿಗೆ ಹೇಳಿದ್ದರೆ ಬೇಡ ಅನ್ನುತ್ತಿದ್ದರು. ಆದ್ದರಿಂದ ಹೇಳಲಿಲ್ಲ. ಇವರು ಆಫೀಸಿಗೆ ಹೋದ ಮೇಲೆ ಸುಹೈಲಾಳ ಬಾಗಿಲು ತಟ್ಟಿದೆ. "ನಿಂಗೆ ಅರಬ್ಬಿ ಬರುತ್ತಲ್ಲ, ನನ್ನ ಜೊತೆ ಪೊಲೀಸ್ ಸ್ಟೇಷನ್ನಿಗೆ ಬಾ" ಎಂದೆ. ಅವಳು ಯಾಕೆ ಏನು ಕೇಳಲಿಲ್ಲ, ಒಲೆ ಆರಿಸಿ ಬುರ್ಖಾ ಹಾಕಿಕೊಂಡು ಹೊರಟಳು. ಹದಿನೇಳು ವರ್ಷದಲ್ಲಿ ಇವರಿಲ್ಲದೆ ನಾನು ಟ್ಯಾಕ್ಸಿ ಹತ್ತಿದ್ದು ಇದೇ ಮೊದಲೇನೋ. ಟ್ಯಾಕ್ಸಿಯವನು ಸುತ್ತು ಬಳಸಿ ಹೋದ; ಅವನಿಗೂ ನಾಲ್ಕು ಮಾತು ಹೇಳಿದೆ.

ಸ್ಟೇಷನ್ನಿನಲ್ಲಿದ್ದ ಅಧಿಕಾರಿ ಕುರ್ಚಿ ಕೊಟ್ಟ. ನಾನು ಕೇಳಿದ್ದನ್ನು ಸುಹೈಲಾ ಅರಬ್ಬಿಯಲ್ಲಿ ಕೇಳಿದಳು. ಅವನು ಹೇಳಿದ್ದನ್ನು ನನಗೆ ಹೇಳಿದಳು. "ಡ್ರೈವರಿಗೆ ಮಾಫಿ ಕೊಡುದು ಬಿಡುದು ನಿಮ್ಮಿಷ್ಟ ಅಂತೆ ಅಕ್ಕಾ. ಕಂಪನಿಯ ಪರಿಹಾರ ಬೇರೆ. ಇದು ಕೊಟ್ರೆ ಅದು ಹೋಗುದಿಲ್ಲ ಅಂತೆ."

"ಇನ್ನೊಂದು ಸಲ ಕೇಳು."

ಕೇಳಿದಳು. ಅದೇ ಉತ್ತರ. ಮಾತು ತಿರುಗಿಸಿ ಮತ್ತೊಮ್ಮೆ ಕೇಳಿಸಿದೆ. ಅಧಿಕಾರಿ ನಕ್ಕು, ಹಿಂದಿಯಲ್ಲಿ ನೇರ ನನಗೇ ಹೇಳಿದ: "ಮೇಡಂ, ಯೇ ಅಲಗ್, ವೋ ಅಲಗ್."

ಅಲ್ಲಿಯೇ ಕ್ಷಮೆ ಬರೆದುಕೊಟ್ಟೆ. ಕಂಪನಿಯ ಪರಿಹಾರ ಬಿಟ್ಟಿಲ್ಲ ಎಂದೂ ಬರೆಸಿದೆ. ಕರುಣೆಯಿಂದ ಕ್ಷಮಿಸಿದ್ದಲ್ಲ. ಒಬ್ಬ ಮನುಷ್ಯನನ್ನು ಕುರಿಯ ಹಾಗೆ ಎಳೆತಂದು ನನ್ನೆದುರು ಕಟ್ಟಿ, ಅವನನ್ನು ತೋರಿಸಿ ನನ್ನ ಬಾಯಿ ಮುಚ್ಚಿಸಲು ನೋಡಿದರಲ್ಲ, ಆ ಸಿಟ್ಟಿಗೆ ಕ್ಷಮಿಸಿದೆ.

ಪೊಲೀಸರು ಸಿರಾಜುದ್ದೀನ್ ಅವರನ್ನು ಕರೆಸಿದ್ದರು. ಅವರು ಹೊರಗೆ ಬಂದು ನಿಂತು, "ಕೈ ಹೇಗುಂಟಮ್ಮಾ?" ಎಂದು ಕೇಳಿದರು. ಈವರೆಗೆ ಇದನ್ನು ಕೇಳಿದವರು ಯಾರು ಎಂದು ಯೋಚಿಸಿದೆ.

"ಹಾಗೇ ಇದೆ. ಮುಂದೆ ಎಲ್ಲಾದರೂ ವಿಚಾರಣೆಗೆ ಕರೆದ್ರೆ ಬಂದು ಆದದ್ದನ್ನ ಆದ ಹಾಗೆ ಹೇಳ್ಬೇಕು."

"ಹೇಳ್ತೇನೆ. ಲಾಂಡ್ರಿಯ ಸೇಟು ಬೈದ್ರೂ ಹೇಳ್ತೇನೆ."

ಬರುವಾಗ ಸುಹೈಲಾ ದಾರಿಬದಿಯ ಅಂಗಡಿಯಲ್ಲಿ ಚಹಾ, ಪರೋಟ ತೆಗೆದುಕೊಟ್ಟಳು. ಹಸಿದಿದ್ದೆ. ತುಂಡು ಮಾಡಿ ಅವಳೇ ಕೊಟ್ಟಳು. ಪರೋಟ ದಪ್ಪವಾಗಿತ್ತು, ಸರಿಯಾಗಿ ಬೆಂದಿರಲಿಲ್ಲ.

ಫೆಬ್ರವರಿ 21, ಭಾನುವಾರ

ಕಿಶನ್‌ಗೆ ನಾನೇ ಫೋನ್ ಮಾಡಿದೆ. ಪೊಲೀಸರು ಹೇಳಿದ್ದನ್ನು ಹೇಳಿದೆ. "ಓ, ಹಾಗಾ ಆಂಟಿ? ನಾನು ಸ್ವಲ್ಪ ಕನ್‌ಫ್ಯೂಸ್ ಆಗಿದ್ದೆ" ಅಂದ.

ಕನ್‌ಫ್ಯೂಸ್ ಆದಾಗಲೆಲ್ಲ ಇವನು ತನ್ನ ಕಂಪನಿಗೆ ಲಾಭವಾಗುವ ಕಡೆಗೇ ಯಾಕೆ ಕನ್‌ಫ್ಯೂಸ್ ಆಗುತ್ತಾನೆ?

ಇವರಿಗೂ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. "ಟ್ಯಾಕ್ಸಿಗೆ ಯಾಕೆ, ನಂಗೆ ಹೇಳಿದ್ರೆ ಡ್ರಾಪ್ ಮಾಡ್ತಿದ್ದೆ" ಅಂದರು. 

ಮಾರ್ಚ್ 9, ಬುಧವಾರ

ಪ್ಲಾಸ್ಟರ್ ತೆಗೆದರು.

ಇದು ನನ್ನ ಕೈಯಲ್ಲ. ಸಣಕಲು, ಬೂದುಬಣ್ಣ, ಒಣಗಿದ ಚರ್ಮ. ಬೆರಳು ಮಡಚಿ ಎಂದರು ಡಾಕ್ಟರು. ಮಡಚಿದೆ ಎಂದುಕೊಂಡೆ. ನೋಡಿದರೆ ಬೆರಳುಗಳು ಅರ್ಧ ದಾರಿಯಲ್ಲಿ ನಿಂತಿದ್ದವು. ಮುಷ್ಟಿ ಪೂರ್ತಿ ಬರುವುದು ಕಷ್ಟ ಅಂದರು.

ರಾತ್ರಿ ಊಟಕ್ಕೆ ಬಲಗೈಯನ್ನೇ ತಟ್ಟೆಗೆ ಇಟ್ಟೆ. ಅನ್ನ ಕಲಸಲು ಬರಲಿಲ್ಲ. ಎತ್ತಿದ್ದೆಲ್ಲ ಬೆರಳ ಸಂದಿಯಿಂದ ಉದುರಿತು. ಇವರೂ ಮಾನ್ಯಾಳೂ ತಮ್ಮ ತಟ್ಟೆ ನೋಡುತ್ತಾ ಕೂತಿದ್ದರು. ಮಾನ್ಯಾ ಎದ್ದು ಚಮಚ ತಂದು ಎಡಗಡೆ ಇಟ್ಟಳು.

ಇವತ್ತು ಯಾರನ್ನೂ ಬೈಯಲು ಮನಸ್ಸಿಲ್ಲ.

ಮಾರ್ಚ್ 24, ಗುರುವಾರ

ಇನ್ಶೂರೆನ್ಸ್ ಕಂಪನಿಯವರ ಆಟ ಅರ್ಥವಾಯಿತು. ಒಂದು ವಾರ ಡಾಕ್ಟರ ವರದಿ ಬೇಕು ಅಂದರು. ಕೊಟ್ಟರೆ ಅರಬ್ಬಿಗೆ ತರ್ಜುಮೆ ಬೇಕು. ಕೊಟ್ಟರೆ ಮ್ಯಾನೇಜರ್ ರಜೆಯಲ್ಲಿ. ಮ್ಯಾನೇಜರ್ ಬರುವುದು ಏಪ್ರಿಲ್‌ನಲ್ಲಿ. ನಾವು ಏಪ್ರಿಲ್ ಎರಡಕ್ಕೆ ಹೊರಡುವುದು ಅವರಿಗೆ ಗೊತ್ತು.

"ಅವರು ಕಾಯ್ತಾ ಇರೋದು ನಾವು ವಿಮಾನ ಹತ್ತೋದನ್ನ ರೀ. ಸರ್ಕಾರದ ದೂರು ಕಚೇರಿಗೆ ಅರ್ಜಿ ಹಾಕ್ತೀನಿ. ವಿಚಾರಣೆ ಮುಗಿಯೋವರೆಗೆ ನಾನು ಬರಲ್ಲ" ಎಂದೆ.

"ಒಬ್ಬಳೇ ಇಲ್ಲಿ? ಜನ ಏನಂತಾರೆ?"

"ಜನ ಎಲ್ಲಿದ್ದಾರೆ? ಈ ಬಿಲ್ಡಿಂಗಲ್ಲಿ ಅರ್ಧ ಮನೆ ಖಾಲಿ."

"ವೀಸಾ?"

"ಬಾದುಶಾ ಅವರಿಗೆ ಸ್ಪಾನ್ಸರ್ ಆಗಿರೋ ಕಫೀಲ್ ವಿಸಿಟ್ ವೀಸಾ ಮಾಡಿಸಿಕೊಡ್ತಾರಂತೆ. ಸುಹೈಲಾ ಕೇಳಿದ್ದಾಳೆ. ಅವಳ ಮನೇಲೇ ಇರ್ತೀನಿ."

"ಎಲ್ಲ ಮಾತಾಡ್ಕೊಂಡೇ ನಂಗೆ ಹೇಳ್ತಿದೀಯ" ಅಂದರು. ಆಮೇಲೆ, "ಊರಲ್ಲಿ ಮನೆ ಯಾರು ನೋಡ್ಕೋತಾರೆ?"

"ಕೆಲಸವೇ ಇಲ್ಲದ ಮನೇಲಿ ನೋಡ್ಕೊಳ್ಳೋಕೆ ಏನಿದೆ?"

ಹೇಳಿದ ಮೇಲೆ ಯಾಕಾದ್ರೂ ಹೇಳಿದೆನೋ ಅನ್ನಿಸಿತು. ಅವರು ಕೆಳಗೆ ನೋಡುತ್ತಾ, "ನಾನೂ ಈಗ ಕೆಲಸ ಇಲ್ಲದವನೇ ಅಲ್ವಾ ಕಾಂತಾ" ಅಂದರು.

ಮಾನ್ಯಾ ರೂಮಿನಿಂದ ಬಂದು, "ಅಪ್ಪಾ, ಲೆಟ್ ಹರ್ ಸ್ಟೇ. ಐ ಕ್ಯಾನ್ ಕುಕ್" ಅಂದಳು. ಇವಳಿಗೆ ನೀರು ಕಾಯಿಸಲು ಬರುತ್ತದೆ, ಅಷ್ಟೇ.

ಏಪ್ರಿಲ್ 2, ಶನಿವಾರ

ಹೋದರು. ಸೋಫಾ, ಮಂಚ, ಫ್ರಿಜ್ ಎಲ್ಲ ಸಿಕ್ಕಿದ ಬೆಲೆಗೆ ಹೋಯಿತು. ಎಲ್ಲರೂ ಮಾರುವವರೇ, ಕೊಳ್ಳುವವರಿಲ್ಲ. ಏರ್‌ಪೋರ್ಟಿನಲ್ಲಿ ಇವರು ಮೂರು ಸಲ ಹಿಂದಿರುಗಿ ಬಂದು ಊರಿನ ಮನೆ ಬೀಗದ ಕೈ ಎಲ್ಲಿದೆ ಎಂದು ಕೇಳಿದರು. ನಿಮ್ಮ ಜೇಬಿನಲ್ಲೇ ಇದೆ ಎಂದೆ.

ಸುಹೈಲಾಳ ಮನೆಯಲ್ಲಿ ಒಂದು ಕೋಣೆ ಕೊಟ್ಟಿದ್ದಾಳೆ. ಬಾದುಶಾ ಅಂಗಡಿಯಿಂದ ಹೊಸ ಪಾತ್ರೆ, ತಟ್ಟೆ, ಲೋಟ ತಂದು, "ಇದು ನಿಮಗೆ ಮಾತ್ರ ಅಕ್ಕಾ, ಇದಕ್ಕೆ ಮೀನು ತಾಗುದಿಲ್ಲ" ಎಂದು ಕಪಾಟಿನಲ್ಲಿ ಬೇರೆ ಇಟ್ಟರು.

ಏಪ್ರಿಲ್ 20, ಬುಧವಾರ

ವಿಚಾರಣೆ ಇತ್ತು. ದೊಡ್ಡ ಮೇಜು, ಆ ಕಡೆ ಅಬಾಯಾ ತೊಟ್ಟ ಒಮಾನಿ ಹೆಂಗಸು, ಅವಳೇ ಅಧಿಕಾರಿ. ಪಕ್ಕದಲ್ಲಿ ಹಿಂದಿಯನ್ನು ಅರಬ್ಬಿಗೆ ಹೇಳುವ ದುಭಾಷಿ. ಈ ಕಡೆ ಕಂಪನಿಯ ವಕೀಲ, ಹಿಂದೆ ಕಿಶನ್. ನನ್ನನ್ನು ನೋಡಿ ಕೈ ಮುಗಿದ. ನನಗೆ ತಿರುಗಿ ಮುಗಿಯಲು ಕೈ ಬರುವುದಿಲ್ಲ.

ಸಿರಾಜುದ್ದೀನ್ ಬಂದಿದ್ದರು, ಕೆಲಸಕ್ಕೆ ರಜೆ ಹಾಕಿ. ವ್ಯಾನು ನಾನೇ ಓಡಿಸುತ್ತಿದ್ದೆ, ತಿರುವಿನಲ್ಲಿ ನಿಧಾನ ಮಾಡಬೇಕಿತ್ತು, ಮಾಡಲಿಲ್ಲ ಎಂದು ನೇರವಾಗಿ ಹೇಳಿದರು.

ವಕೀಲ ಎದ್ದು ಮಳೆಯ ಕಥೆ ಹೇಳಿದ. ಹವಾಮಾನದ ವರದಿ ತೋರಿಸಿದ. ನನ್ನನ್ನು ಕೇಳಿದಾಗ, "ಮಳೆ ಊರಿಗೆಲ್ಲ ಬಿತ್ತು. ಆ ತಿರುವಿನಲ್ಲಿ ಬೇರೆ ಗಾಡಿಗಳೂ ಹೋದವು. ಫುಟ್‌ಪಾತ್ ಹತ್ತಿದ್ದು ಒಂದೇ" ಎಂದೆ. ನನ್ನ ಹಿಂದಿ ಕೇಳಿದರೆ ಹಿಂದಿಯವರು ಓಡಿಹೋಗುತ್ತಾರೆ, ಆದರೆ ದುಭಾಷಿ ಮಲಯಾಳಿ, ಅವನದೂ ಅಂಥದ್ದೇ.

ಆಮೇಲೆ ವಕೀಲ, ಈಕೆ ಗೃಹಿಣಿ, ಕೆಲಸವಿಲ್ಲ, ಹಾಗಾಗಿ ನಷ್ಟವಿಲ್ಲ ಎಂದ.

ನಾನು ಏನು ಹೇಳಬೇಕೆಂದು ರಾತ್ರಿಯೆಲ್ಲ ಉರು ಹೊಡೆದಿದ್ದೆ. ಒಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಇದು:

"ನನ್ನ ಕೈ ಮುರಿದ ಮೇಲೆ ನಾನು ಮಾಡುತ್ತಿದ್ದದ್ದನ್ನು ನನ್ನ ಗಂಡ ಮಾಡಿದರು, ಮಗಳು ಮಾಡಿದಳು, ಎದುರು ಮನೆಯವಳು ಮಾಡಿದಳು. ಮೂರು ಜನ ಸೇರಿದರೂ ಮುಗಿಯಲಿಲ್ಲ. ಇಲ್ಲದ ಕೆಲಸವನ್ನು ಮೂರು ಜನ ಹೇಗೆ ಮಾಡಿದರು, ಇವರನ್ನೇ ಕೇಳಿ."

ದುಭಾಷಿ ಅರಬ್ಬಿಯಲ್ಲಿ ಹೇಳಿದ. ಆ ಹೆಂಗಸು ತಲೆ ತಗ್ಗಿಸಿ ಏನೋ ಬರೆದುಕೊಂಡಳು. ನಗಲಿಲ್ಲ, ಮರುಗಲಿಲ್ಲ. "ಕೈ ತೋರಿಸಿ" ಅಂದಳು. ಮೇಜಿನ ಮೇಲಿಟ್ಟೆ. ಪೆನ್ನು ಕೊಟ್ಟು ಹಿಡಿಯಿರಿ ಅಂದಳು. ಬಿದ್ದುಹೋಯಿತು. ಕಿಶನ್ ಬಗ್ಗಿ ಎತ್ತಿಕೊಟ್ಟ. ಅವನ ಮುಖದಲ್ಲಿ ನಗು ಇರಲಿಲ್ಲ.

ಹೊರಗೆ ಸುಹೈಲಾ, "ಎಂತ ಹೇಳಿದ್ರಿ ಅಕ್ಕಾ, ಆ ವಕೀಲ ನೀರು ಕುಡಿದದ್ದೇ ಕುಡಿದದ್ದು" ಅಂದಳು. ನನಗೆ ಇನ್ನೂ ಎಷ್ಟೋ ಹೇಳುವುದಿತ್ತು. ಮನೆಗೆ ಬಂದ ಮೇಲೆ ಒಂದೊಂದೇ ನೆನಪಾಗಿ ಮೈ ಉರಿಯುತ್ತಿದೆ.

ಮೇ 8, ಭಾನುವಾರ

ತೀರ್ಮಾನ ಬಂತು. ಮಳೆಯ ನೆಪ ನಡೆಯುವುದಿಲ್ಲ, ಕಂಪನಿಯೇ ಕೊಡಬೇಕು. ಆಸ್ಪತ್ರೆ ಖರ್ಚು ಪೂರ್ತಿ, ಕೈ ಊನವಾದದ್ದಕ್ಕೆ ಪರಿಹಾರ ಬೇರೆ. ಮತ್ತೆ, ಮನೆಗೆಲಸದ ನಷ್ಟ ಎಂದು ಕೆಲವು ತಿಂಗಳಿಗೆ ಮನೆಕೆಲಸದಾಕೆಯ ಸಂಬಳದ ಲೆಕ್ಕದಲ್ಲಿ.

ಸುಹೈಲಾ ಪಾಯಸ ಮಾಡಿದಳು. ನಾನು ತಿನ್ನುತ್ತಲೇ ಬೈದೆ. ಮನೆಕೆಲಸದಾಕೆಗೆ ಶುಕ್ರವಾರ ರಜೆ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಊರಿಗೆ ಟಿಕೆಟ್ ಇರುತ್ತದೆ. ಮಗಳಿಗೆ ಜ್ವರ ಬಂದರೆ ಅವಳು ರಾತ್ರಿ ಎದ್ದು ಕೂರುವುದಿಲ್ಲ.

"ಸೊನ್ನೆಯಿಂದ ಇಲ್ಲಿಗಾದ್ರೂ ಬಂತಲ್ಲ ಅಕ್ಕಾ. ನನ್ನ ಲೆಕ್ಕ ಯಾರೂ ಇಷ್ಟರವರೆಗೆ ಹಾಕಿಲ್ಲ" ಅಂದಳು ಸುಹೈಲಾ.

ಎಡಗೈಯಲ್ಲಿ ಅವಳ ಬಟ್ಟಲಿಗೂ ಪಾಯಸ ಬಡಿಸಿದೆ.

ಕೈಗೆ ವ್ಯಾಯಾಮ ಮಾಡಿಸುವ ಜೇನ್ ಎಂಬ ಹುಡುಗಿಯ ಹತ್ತಿರ ಹೋಗುತ್ತಿದ್ದೇನೆ, ಇಲ್ಲೇ ಅಲ್ ಗುಬ್ರಾದ ಕ್ಲಿನಿಕ್ಕಿನಲ್ಲಿ. ನೋಯಿಸುತ್ತಾಳೆ. ಆದರೆ ಹೆಬ್ಬೆರಳು ಈಗ ತೋರುಬೆರಳನ್ನು ಮುಟ್ಟುತ್ತದೆ.

ಮೇ 15, ಭಾನುವಾರ

ಕಿಶನ್ ಚೆಕ್ ತಂದ. "ಗೆದ್ದುಬಿಟ್ರಿ ಆಂಟಿ" ಎಂದು ಎರಡೂ ಕೈಯಲ್ಲಿ ಕೊಟ್ಟ. ನೋಡಿದರೆ ಚೆಕ್ಕಿನಲ್ಲಿ ಹೊನ್ನಪ್ಪ ಎಂದಿದೆ.

"ಇದು ಯಾರ ಹೆಸರು?"

"ಸರ್ ಹೆಸರು. ಮೊದಲು ಕ್ಲೇಮ್ ಹಾಕಿದ್ದು ಅವರೇ ಅಲ್ವಾ. ಫ್ಯಾಮಿಲಿ ಅಂದ್ಮೇಲೆ ಎಲ್ಲ ಒಂದೇ ಆಂಟಿ."

ಅಲ್ಲಿಂದಲೇ ಇವರಿಗೆ ಫೋನ್ ಮಾಡಿದೆ. "ನನ್ನ ಹೆಸರಲ್ಲಿದ್ರೂ ನಿನ್ನದೇ ತಾನೆ? ತಗೊಂಡು ಬಂದ್ಬಿಡು, ಇಲ್ಲಿ ಸ್ಕೂಲ್ ಫೀಸ್ ಕಟ್ಟೋದಿದೆ, ಎಲ್ಲ ಸಾಕಾಗಿದೆ" ಅಂದರು. ಇವರಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ದನಿ ಕೇಳಿದರೆ ಸಂಕಟವಾಗುತ್ತದೆ. ಒಂದು ಗಳಿಗೆ, ತೆಗೆದುಕೊಂಡು ಹೊರಟುಬಿಡೋಣ ಅನ್ನಿಸಿತು.

ಫೀಸ್ ಕಟ್ಟೋಣ, ನಾನೇ ಕಳಿಸ್ತೀನಿ ಎಂದು ಫೋನ್ ಇಟ್ಟೆ. ಚೆಕ್ಕನ್ನು ಕಿಶನ್‌ಗೆ ಹಿಂದಕ್ಕೆ ಕೊಟ್ಟೆ.

"ಕೈ ಮುರಿದದ್ದು ನನ್ನದು. ನನ್ನ ಹೆಸರು ಕಾಂತಾಮಣಿ."

"ಆಂಟಿ, ಹೊಸದು ಮಾಡಿಸೋಕೆ ಹತ್ತು ಹನ್ನೆರಡು ದಿನ ಆಗುತ್ತೆ. ಮತ್ತೆ ಅಪ್ರೂವಲ್..."

"ಆಗಲಿ. ನಾನು ಎಲ್ಲೂ ಹೋಗಲ್ಲ."

ಅವನು ಬಾಗಿಲಲ್ಲಿ ನಿಂತು, ತಲೆ ಕೆರೆದುಕೊಂಡು, "ಸಾರಿ ಮೇಡಂ" ಅಂದ.

ಮೇ 26, ಗುರುವಾರ

ಚೆಕ್ ಬಂತು. ಈ ಸಲ ಹೆಸರು ಸರಿ. ಸುಹೈಲಾಳನ್ನು ಕರೆದುಕೊಂಡು ಬ್ಯಾಂಕಿಗೆ ಹೋಗಿ ಪಾಸ್‌ಪೋರ್ಟ್ ತೋರಿಸಿ ನಗದು ಮಾಡಿಸಿದೆ. ಕೌಂಟರಿನವನು ಗಂಡ ಬಂದಿಲ್ಲವೇ ಎಂದು ಕೇಳಿದ. ಯಾಕೆ, ಚೆಕ್ಕಿನಲ್ಲಿ ಅವರ ಹೆಸರೇನಾದರೂ ಇದೆಯೇ ಎಂದೆ. ಮಾನ್ಯಾಳ ಫೀಸು ಅಲ್ಲಿಂದಲೇ ಕಳಿಸಿದೆ.

ಸಂಜೆ ಇವರ ಫೋನ್ ಬಂತು. ಒಂದು ಕಡೆ ಇಂಟರ್‌ವ್ಯೂಗೆ ಕರೆದಿದ್ದಾರಂತೆ. ಮಾನ್ಯಾ ಉಪ್ಪಿಟ್ಟು ಮಾಡಿದ್ದಳಂತೆ, ಗಂಟುಗಂಟಾಗಿ.

"ಯಾವತ್ತು ಹೊರಡ್ತೀಯ?"

"ಜೂನ್ ಕೊನೆಗೆ. ಟಿಕೆಟ್ ತೆಗೆದೆ. ಇನ್ನೊಂದು ತಿಂಗಳು ಬಿಡದೆ ಮಾಡಿದ್ರೆ ಮುಷ್ಟಿ ಬರಬಹುದು ಅಂತಾಳೆ ಜೇನ್."

"ಅಲ್ಲಿ ಅದಕ್ಕೆಲ್ಲ ಸಿಕ್ಕಾಪಟ್ಟೆ ಆಗುತ್ತಲ್ಲೇ. ದುಡ್ಡಿಗೆ ಏನ್ ಮಾಡ್ತೀಯ?"

"ನನ್ನ ಹತ್ರ ಇದೆ."

ಆ ಕಡೆ ಕುಕ್ಕರ್ ಕೂಗುವುದು ಕೇಳಿಸಿತು.

"ಇದನ್ನ ಎಷ್ಟು ಕೂಗಿಗೆ ಆರಿಸ್ಬೇಕು?" ಅಂದರು.

"ಬೇಳೆನಾ, ಅನ್ನನಾ?"

"ಎರಡೂ ಒಟ್ಟಿಗೆ ಇಟ್ಟಿದೀನಿ."

"ಮೂರು" ಎಂದೆ.

ಜೇನ್ ನಾಳಿದ್ದು ಎಂಟಕ್ಕೆ ಬರಲು ಹೇಳಿದ್ದಾಳೆ. ಹೋದ ಸಲ ಎಂಟಕ್ಕೆ ಹೋದರೆ ಒಂಬತ್ತಕ್ಕೆ ಬಾಗಿಲು ತೆಗೆದರು. ಈ ಸಲವೂ ಹಾಗೆ ಮಾಡಿದರೆ ನಾನು ಸುಮ್ಮನಿರುವುದಿಲ್ಲ.